ಎರಡು ಹೆಸರು, ಒಂದೇ ಯಂತ್ರ

ಸಣ್ಣದೊಂದು ಜಾಲತಾಣವನ್ನು ಸ್ಥಾಪಿಸಹೊರಟವನು ಡೊಮೈನ್ ಹೆಸರನ್ನು ಕೊಂಡೊಡನೆಯೇ ನಿರ್ಣಯಿಸಬೇಕಾದ ವಿಷಯ, ಆ ಹೆಸರಿನ ಪರವಾಗಿ ಲೋಕಕ್ಕೆ ಉತ್ತರ ಹೇಳತಕ್ಕ ನೇಮ್‌ಸರ್ವರುಗಳು ಯಾವುವು ಎಂಬುದು. ರಿಜಿಸ್ಟ್ರಾರರು ಸಾಮಾನ್ಯವಾಗಿ ಎರಡು ಸರ್ವರುಗಳ ಹೆಸರನ್ನು ಕೇಳುತ್ತಾರೆ. ಬಾಡಿಗೆಗೆ ಹಿಡಿದ ಒಂದೇ ಯಂತ್ರದಲ್ಲಿ ಬೈಂಡ್ ತಂತ್ರಾಂಶವನ್ನು ಹೂಡಿ, ಆ ಒಂದಕ್ಕೇ ಎನ್‌ಎಸ್1, ಎನ್‌ಎಸ್2 ಎಂದು ಎರಡು ಹೆಸರಿಟ್ಟು, ಕೇಳಿದ್ದನ್ನು ತುಂಬಿಕೊಟ್ಟು ಮುಂದಿನ ಕೆಲಸಕ್ಕೆ ತೊಡಗುವುದು ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ತಾಣವೇನೋ ತೆರೆದುಕೊಳ್ಳುತ್ತದೆ, ಆದುದರಿಂದ ಪದ್ಧತಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಒಂದೇ ಬಾವಿಗೆ ಎರಡು ರಾಟೆ ಹೂಡಿದ ಮಾತ್ರಕ್ಕೆ ಬೇಸಗೆಯ ನೀರಿನ ಚಿಂತೆ ತೀರೀತೆಂದು ನಂಬುವವರಾರು? ನಿಯಮದ ಅಕ್ಷರವನ್ನು ಪಾಲಿಸಿ ಅದರ ಪ್ರಯೋಜನವನ್ನು ತೊರೆಯುವ ಈ ಪದ್ಧತಿಯನ್ನು ದೋಷವೆಂದೇ ಕರೆಯಬೇಕು ಎಂಬುದು ನನ್ನ ಅಭಿಪ್ರಾಯ.

ಆ ನಿಯಮವು ಎಲ್ಲಿಂದ ಬಂದಿತೆಂಬುದನ್ನು ನೆನೆಯಬೇಕು. ಅರ್ಪಾನೆಟ್ಟಿನ ಕಾಲದಲ್ಲಿ ಯಂತ್ರಗಳ ಹೆಸರು, ವಿಳಾಸಗಳೆಲ್ಲ ಒಂದೇ ಕಡತದಲ್ಲಿದ್ದು, ಆ ಕಡತವನ್ನು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯವರು ಕಾಪಾಡುತ್ತಿದ್ದರು. ಉಳಿದವರು ಅದರ ಪ್ರತಿಯನ್ನು ಆಗಾಗ ತರಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಈ ಏರ್ಪಾಡು ಭಾರವಾಗಲು, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಹೆಸರುಗಳ ಅಧಿಕಾರವನ್ನು ಆಯಾ ಹೆಸರಿನ ಒಡೆಯರಿಗೇ ಹಂಚಿಕೊಡುವ ಡೊಮೈನ್ ವ್ಯವಸ್ಥೆಯನ್ನು ರೂಪಿಸಿದರು. 1987ರ ನವೆಂಬರಿನಲ್ಲಿ ಹೊರಬಂದ, ಇಂದಿಗೂ ಆಧಾರವಾಗಿರುವ ಆರ್‌ಎಫ್‌ಸಿ 1034 ಎಂಬ ಮಾನಕಪತ್ರದಲ್ಲಿ ಅಧಿಕಾರದ ಜೊತೆಗೆ ಒಂದು ಕರ್ತವ್ಯವನ್ನೂ ವಿಧಿಸಲಾಯಿತು: ಯಂತ್ರ ಕೆಟ್ಟರೂ ಸಂಪರ್ಕ ಕಡಿದರೂ ಹೆಸರು ಲುಪ್ತವಾಗದಂತೆ, ಪ್ರತಿಯೊಂದು ಝೋನೂ, ಅರ್ಥಾತ್ ಒಬ್ಬ ಒಡೆಯನ ಅಧಿಕಾರದಲ್ಲಿರುವ ಹೆಸರುಗಳ ದಾಖಲೆಗಳ ಗುಂಪೂ, ಕನಿಷ್ಠಪಕ್ಷ ಎರಡು ಸರ್ವರುಗಳಲ್ಲಿ ದೊರೆಯತಕ್ಕದ್ದು. ಕೇಂದ್ರವೊಂದು ಎಲ್ಲರನ್ನೂ ಸಲಹುತ್ತಿದ್ದ ಸ್ಥಿತಿಯಿಂದ ತನ್ನನ್ನು ತಾನೇ ಸಲಹಿಕೊಳ್ಳುವ ಸ್ಥಿತಿಗೆ ಬಂದವನಿಗೆ ಸಲ್ಲುವ ವಿವೇಕ ಇದರಲ್ಲಿದೆ.

ಇದಕ್ಕೆ ಎದುರಾಗಿ ಸಾಮಾನ್ಯವಾಗಿ ಹೇಳುವ ವಾದವೊಂದುಂಟು. ತಾಣವೂ ನೇಮ್‌ಸರ್ವರೂ ಒಂದೇ ಯಂತ್ರದಲ್ಲಿರುವಾಗ ಯಂತ್ರ ಬಿದ್ದರೆ ತಾಣವೇ ಇಲ್ಲ. ಇಲ್ಲದ ತಾಣದ ವಿಳಾಸವನ್ನು ಹೇಳುವ ಸರ್ವರು ಬದುಕಿದ್ದು ಏನು ಪ್ರಯೋಜನ? ಕೇಳಲು ಪರಿಪೂರ್ಣವೆನಿಸುವ ಈ ವಾದವನ್ನು 1997ರ ಆರ್‌ಎಫ್‌ಸಿ 2182 ಹೆಸರೆತ್ತಿಯೇ ಖಂಡಿಸಿದೆ. ಸಣ್ಣ ತಾಣದ ಮಟ್ಟಿಗೂ ಆ ಖಂಡನೆ ಯಥಾರ್ಥವಾದುದು. ಒಡೆಯನ ಅಂಚೆಯು ಬೇರೊಂದು ಸಂಸ್ಥೆಯ ಸರ್ವರಿನಲ್ಲಿ ಸುರಕ್ಷಿತವಾಗಿದ್ದರೂ, ಅದು ಎಲ್ಲಿದೆಯೆಂದು ಹೇಳುವ ಎಂಎಕ್ಸ್ ದಾಖಲೆ ಸಿಕ್ಕದೆ ಹೋಗುವುದರಿಂದ ಅವನಿಗೆ ಬರುವ ಪತ್ರಗಳೆಲ್ಲ ದಾರಿಯಲ್ಲೇ ನಿಲ್ಲುತ್ತವೆ. ಇದಕ್ಕಿಂತ ಘೋರವಾದುದು ಮತ್ತೊಂದಿದೆ. ಯಂತ್ರ ಕೆಟ್ಟ ದಿನ ತಾಣದ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ಇರಿಸಿ, ವಿಳಾಸದ ದಾಖಲೆಯೊಂದನ್ನು ತಿದ್ದಿದರೆ ಕೆಲಸ ಮುಗಿಯಬೇಕಾಗಿತ್ತು. ಆದರೆ ತಿದ್ದಬೇಕಾದ ದಾಖಲೆಯು ಕೆಟ್ಟ ಯಂತ್ರದೊಳಗೇ ಸಿಕ್ಕಿಕೊಂಡಿರುವುದರಿಂದ, ರಿಜಿಸ್ಟ್ರಾರರ ಬಳಿಗೆ ಹೋಗಿ ನೇಮ್‌ಸರ್ವರುಗಳ ನಿಯೋಜನೆಯನ್ನೇ ಬದಲಿಸಬೇಕಾಗುತ್ತದೆ. ಡಾಟ್ ಕಾಮ್ ವಲಯದಲ್ಲಿ ಆ ನಿಯೋಜನೆಯ ಟಿಟಿಎಲ್, ಎಂದರೆ ಉತ್ತರವನ್ನು ನೆನಪಿನಲ್ಲಿಟ್ಟುಕೊಳ್ಳಬಹುದಾದ ಅವಧಿ, 1,72,800 ಸೆಕೆಂಡುಗಳು, ಅರ್ಥಾತ್ ಎರಡು ದಿನಗಳು. ಬಳಕೆದಾರರ ಪರವಾಗಿ ವಿಳಾಸ ಹುಡುಕುವ, ಹಳೆಯದನ್ನು ನೆನಪಿನಲ್ಲಿಟ್ಟುಕೊಂಡಿರುವ ರಿಸಾಲ್ವರುಗಳು ಅಲ್ಲಿಯವರೆಗೂ ಸತ್ತ ಯಂತ್ರದ ಬಾಗಿಲನ್ನೇ ತಟ್ಟುತ್ತಿರಬಹುದು. ಐದು ನಿಮಿಷದಲ್ಲಿ ಮುಗಿಯಬಹುದಾಗಿದ್ದ ವಿಪತ್ತು ಎರಡು ದಿನಗಳಿಗೆ ಬೆಳೆಯುತ್ತದೆ.

ಸರ್ವರುಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ದೋಷ ನೀಗುವುದಿಲ್ಲವೆಂಬುದಕ್ಕೆ ದೊಡ್ಡವರ ನಿದರ್ಶನವೇ ಇದೆ. 2001ರ ಜನವರಿಯಲ್ಲಿ ಮೈಕ್ರೊಸಾಫ್ಟಿನ ತಾಣಗಳು ಸುಮಾರು ಒಂದು ದಿನ ಬಹುಮಂದಿಗೆ ಕಾಣದಾದವು. ನೇಮ್‌ಸರ್ವರುಗಳು ನಾಲ್ಕಿದ್ದವು, ನಾಲ್ಕೂ ಒಂದೇ ಜಾಲಭಾಗದಲ್ಲಿದ್ದುದರಿಂದ, ರೌಟರಿನ ವಿನ್ಯಾಸದಲ್ಲಾದ ಒಂದು ತಪ್ಪು ನಾಲ್ಕನ್ನೂ ಏಕಕಾಲಕ್ಕೆ ಮೂಕವಾಗಿಸಿತು. ಆರ್‌ಎಫ್‌ಸಿ 2182 ಬಹುಪಾಲು ಸಂಸ್ಥೆಗಳಿಗೆ ಮೂರು ಸರ್ವರುಗಳನ್ನು ಸೂಚಿಸುವಾಗ, ಅವುಗಳಲ್ಲೊಂದಾದರೂ ಮಿಕ್ಕವುಗಳಿಂದ ಬಹುದೂರದಲ್ಲಿರಬೇಕೆಂದು ಸೇರಿಸಿರುವುದು ಈ ಕಾರಣದಿಂದಲೇ.

ಹಾಗಾದರೆ ಎಲ್ಲವನ್ನೂ ದೊಡ್ಡ ಸೇವಾಸಂಸ್ಥೆಯೊಂದಕ್ಕೆ ಒಪ್ಪಿಸಿಬಿಡಬಹುದಲ್ಲವೇ? ಒಂದೇ ಯಂತ್ರದ ಪದ್ಧತಿಗಿಂತ ಇದು ಎಷ್ಟೋ ಮೇಲು. ಸಮಯವಿಲ್ಲದವನು ಹೀಗೆ ಮಾಡಿದರೆ ಆಕ್ಷೇಪಿಸಲಾರೆ. ಆದರೆ 2016ರ ಅಕ್ಟೋಬರ್ 21ರಂದು, ಸೆರೆಸಿಕ್ಕ ಕ್ಯಾಮೆರಾ ಮೊದಲಾದ ಸಾಧನಗಳ ಮಿರಾಯ್ ಸೈನ್ಯವು ಡೈನ್ ಎಂಬ ಸಂಸ್ಥೆಯ ನೇಮ್‌ಸರ್ವರುಗಳ ಮೇಲೆ ಬಿದ್ದಾಗ, ಟ್ವಿಟರಿನಂಥ ತಾಣಗಳೂ ಅಮೆರಿಕದ ಅನೇಕರಿಗೆ ಗಂಟೆಗಟ್ಟಲೆ ದೊರೆಯದಾದವು. ಅವುಗಳ ಯಂತ್ರಗಳು ಸ್ವಸ್ಥವಾಗಿಯೇ ಇದ್ದವು. ಅವುಗಳ ವಿಳಾಸ ಹೇಳುವವರು ಮಾತ್ರ ಇರಲಿಲ್ಲ.

ನಾನು ಶ್ರೇಷ್ಠವೆಂದು ಎಣಿಸುವ ಕ್ರಮದಲ್ಲಿ ಮೂಲ ಝೋನ್ ಕಡತವು ಒಡೆಯನ ಕೈಯಲ್ಲೇ ಇರುತ್ತದೆ. ಅದನ್ನಿರಿಸಿದ ಸರ್ವರಿನ ಹೆಸರು ನಿಯೋಜನೆಯ ಪಟ್ಟಿಯಲ್ಲಿ ಕಾಣಿಸದು. ಪರಸ್ಪರ ಸಂಬಂಧವಿಲ್ಲದ ಇಬ್ಬರು ಸೇವಾದಾರರ ಸರ್ವರುಗಳು ಝೋನ್ ವರ್ಗಾವಣೆಯ ಮೂಲಕ ಪ್ರತಿಯನ್ನು ಪಡೆದು ಲೋಕಕ್ಕೆ ಉತ್ತರಿಸುತ್ತವೆ. ಅಧಿಕಾರವೂ ಉಳಿಯಿತು, ಅಪಾಯವೂ ಹಂಚಿತು. ಕಡತವನ್ನು ತಿದ್ದಿದಾಗಲೆಲ್ಲ ಸೀರಿಯಲ್ ಸಂಖ್ಯೆಯನ್ನು ಏರಿಸುವ ನಿಷ್ಠೆ ಬೇಕು. ಏರಿಸದಿದ್ದರೆ ಹೊಸ ಪ್ರತಿ ಹೊರಗೆ ಹೋಗುವುದೇ ಇಲ್ಲ. ಎಸ್‌ಒಎ ದಾಖಲೆಯಲ್ಲಿ ಎಕ್ಸ್‌ಪೈರ್ ಎಂಬ ಅವಧಿಯನ್ನಂತೂ ಹೆಚ್ಚಿನವರು ನೋಡುವುದೇ ಇಲ್ಲ. ಮೂಲ ಸರ್ವರು ದೊರೆಯದಿರುವಾಗ ಪ್ರತಿಯನ್ನಿಟ್ಟುಕೊಂಡವರು ಎಷ್ಟು ಕಾಲ ಉತ್ತರಿಸುತ್ತಿರಬಹುದೆಂಬುದನ್ನು ಅದು ನಿಗದಿಪಡಿಸುತ್ತದೆ. ಎರಡರಿಂದ ನಾಲ್ಕು ವಾರಗಳು ಯುಕ್ತವಾದ ಪ್ರಮಾಣ. ಅಲ್ಲಿ ಒಂದು ದಿನವೆಂದು ಬರೆದಿಟ್ಟವನ ಹೆಸರು, ಖಂಡಾಂತರಗಳಲ್ಲಿ ಸರ್ವರುಗಳಿದ್ದರೂ, ಮೂಲ ಯಂತ್ರ ನಿಂತ ಮಾರನೆಯ ದಿನವೇ ಎಲ್ಲೆಡೆಯೂ ಉತ್ತರವಿಲ್ಲದಾಗುತ್ತದೆ.