ಚಿನ್ನದ ಕೆಳಗಿನ ಮಕ್ಕಿ ಸಫೇದ

ಮೈಸೂರು ಶೈಲಿಯ ಚಿತ್ರವನ್ನು ನೇರ ಎದುರಿಗೆ ನಿಂತು ನೋಡಿದರೆ ದೇವಿಯ ಮುಖವೂ ಸೀರೆಯ ಬಣ್ಣವೂ ಮೊದಲು ಕಣ್ಣಿಗೆ ಬೀಳುತ್ತವೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಕಿರೀಟದ ಕುಸುರಿ, ಹಾರದ ಮಣಿ, ಪ್ರಭಾವಳಿಯ ಬಳ್ಳಿ ಒಂದೊಂದಾಗಿ ಮೇಲೆದ್ದು ಮಿನುಗುತ್ತವೆ. ಆ ಮಿನುಗು ಚಿನ್ನದ ಕೆಳಗೆ ಅಡಗಿರುವ ಮಕ್ಕಿ ಸಫೇದ ಎಂಬ ಲೇಪದ ಕೊಡುಗೆ.

ಹಳಬರು ಇದನ್ನು ಸೀಸದ ಬಿಳಿಪುಡಿ, ಗಾಂಬೋಜ್ ಎಂಬ ಹಳದಿ ಮರದಂಟು ಮತ್ತು ಗೋಂದು ಸೇರಿಸಿ ಅರೆಯುತ್ತಿದ್ದರು. ಈಗ ಸೀಸದ ಜಾಗಕ್ಕೆ ಜಿಂಕ್ ಆಕ್ಸೈಡ್ ಬಂದಿದೆ. ಈ ಸರಿಯನ್ನು ಸಣ್ಣ ಕುಂಚದಲ್ಲಿ ತೆಗೆದುಕೊಂಡು, ಒಡವೆಯ ಗೆರೆಗಳ ಮೇಲೆ ಎಳೆ ಎಳೆಯಾಗಿ ಏರಿಸುತ್ತಾರೆ. ಸರಿ ತೀರಾ ತೆಳುವಾದರೆ ಗೆರೆ ಹರಡಿ ಉಬ್ಬು ಕಳೆದುಕೊಳ್ಳುತ್ತದೆ. ಒಣಗಿದ ಮೇಲೆ ಚಿನ್ನದ ರೇಕನ್ನು ಅಂಟಿಸಿ, ಮೇಲೊಂದು ತೆಳು ಕಾಗದವಿಟ್ಟು ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ದಪ್ಪ, ಅದರಲ್ಲಿ ಕಲ್ಲುಗಳನ್ನೂ ಕೂರಿಸುತ್ತಾರೆ. ಮೈಸೂರಿನವರು ನೆಚ್ಚಿದ್ದು ಜರತಾರಿಯ ಎಳೆಯಷ್ಟು ಸಣ್ಣ ಉಬ್ಬನ್ನು.

ಉಳಿದ ಸಾಮಗ್ರಿಗಳೂ ಇದೇ ನಯಕ್ಕೆ ಒಗ್ಗಿದವು. ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟ ಹುಣಸೆ ಕಡ್ಡಿಯ ಇದ್ದಿಲಿನಿಂದ ಮೊದಲ ರೇಖೆ, ಅಳಿಲಿನ ಕೂದಲಿನ ಕುಂಚದಿಂದ ಕಣ್ಣು, ಹುಬ್ಬು. ಇಂಗಳೀಕದ ಕೆಂಪು, ಹರಿತಾಳದ ಹಳದಿ, ನೀಲಿ, ಕಾಡಿಗೆ ಎಲ್ಲವನ್ನೂ ಗೋಂದಿನ ನೀರಿನಲ್ಲಿ ಕಲಸಬೇಕು. ಗೋಂದಿನ ಬಣ್ಣ ಒಣಗಿದ ಮೇಲೆ ಮಂಕಾಗಿ ನಿಲ್ಲುತ್ತದೆ; ಎಣ್ಣೆಬಣ್ಣದ ಹಾಗೆ ತಾನೇ ಬೆಳಕನ್ನು ತೂರುವುದಿಲ್ಲ. ಈ ಶೈಲಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದೇ ಹೊಂದಾಣಿಕೆ: ಸುತ್ತಲ ಬಣ್ಣವೆಲ್ಲ ತಗ್ಗಿ ನಿಂತು ಹೊಳೆಯುವ ಹಕ್ಕನ್ನು ಚಿನ್ನಕ್ಕೊಂದಕ್ಕೇ ಬಿಟ್ಟುಕೊಡುತ್ತದೆ. ಚಿನ್ನ ಅಷ್ಟಿಷ್ಟೇ ಇದ್ದರೂ ಚಿತ್ರ ಸಿರಿವಂತವಾಗಿ ಕಾಣುವುದು ಅದರಿಂದಲೇ.

ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅರಳಿದ ಈ ಕಲೆಗೆ 2005ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆದರೆ ಅಂಗಡಿಗಳಲ್ಲಿ ಅದರ ಹೆಸರಿನಲ್ಲಿ ಹಿತ್ತಾಳೆ ರೇಕಿನ ಚಿತ್ರಗಳೂ ಮಾರಾಟವಾಗುತ್ತವೆ; ಅಂಥ ರೇಕು ವರ್ಷಗಳು ಕಳೆದಂತೆ ಕಪ್ಪಿಡುತ್ತದೆ, ಅಪ್ಪಟ ಚಿನ್ನ ಕಪ್ಪಿಡುವುದಿಲ್ಲ. ಕೊಳ್ಳುವ ಮುನ್ನ ರೇಕು ಯಾವುದೆಂದು ಕೇಳಿ, ಉಬ್ಬಿನ ಗೆರೆ ಕೈಯಿಂದ ಎಳೆದದ್ದೇ ಎಂದು ಓರೆಯಿಂದ ನೋಡಿ. ಇಂಥ ಚಿತ್ರಗಳಿರುವ ಮೈಸೂರಿನ ಜಗನ್ಮೋಹನ ಅರಮನೆಗೆ ಹೋದಾಗಲೂ ಅವಸರ ಮಾಡದೆ, ಒಂದೇ ಚಿತ್ರದ ಮುಂದೆ ಸಾಕಷ್ಟು ಹೊತ್ತು ನಿಲ್ಲಿ.