ಕಸುಬಿನ ಪುಸ್ತಕಕ್ಕೆ ಕರ್ತೃ ಯಾರು?

ದಲಿತ ವಿಮರ್ಶೆ ಇಷ್ಟು ದಿನ ಕಥೆ, ಕವಿತೆ, ಆತ್ಮಕಥೆಗಳ ಸುತ್ತಲೇ ಹೆಚ್ಚಾಗಿ ನಡೆದಿದೆ. ಅದಕ್ಕೆ ಸಕಾರಣವೂ ಇತ್ತು. ಆದರೆ ದಲಿತರ ಕೈಯಲ್ಲಿರುವ ತಿಳಿವಳಿಕೆ ಪುಸ್ತಕವಾಗುವಾಗ ಏನಾಗುತ್ತದೆ ಎಂಬುದನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ನನಗೆ ಈ ಪ್ರಶ್ನೆ ಎದುರಾಗಿರುವುದು ತೀರಾ ವ್ಯಾವಹಾರಿಕ ಕಾರಣಕ್ಕೆ. ನಾವು ಮೂವರು ಗೆಳೆಯರು ಸೇರಿ ಕಸುಬಿನ ಪುಸ್ತಕಗಳನ್ನು ಡಿಜಿಟಲ್ ರೂಪದಲ್ಲಿ ತರುವ ಸಣ್ಣ ಪ್ರಕಾಶನವೊಂದನ್ನು ಶುರು ಮಾಡಬೇಕೆಂದಿದ್ದೇವೆ. ಮೊದಲ ಪುಸ್ತಕ ಚಪ್ಪಲಿಯದು. ಅಥಣಿ ಕಡೆಯವರು ಹೊಲಿಯುವ, ಪೇಟೆಯವರು ಕೊಲ್ಹಾಪುರಿ ಎಂದು ಕೊಳ್ಳುವ ಚಪ್ಪಲಿ. ದುಡ್ಡು, ಫಾಂಟು, ಫೈಲು ಇವುಗಳ ಮಾತೆಲ್ಲ ಬೇಗ ಮುಗಿಯಿತು. ಮುಗಿಯದೆ ಉಳಿದದ್ದು ಒಂದೇ: ಮುಖಪುಟದ ಮೇಲೆ ಯಾರ ಹೆಸರು?

ಲೋಕದ ಕೆಲಸಗಳನ್ನು ಬರೆದಿಡುವುದು ಕನ್ನಡಕ್ಕೆ ಹೊಸದೇನಲ್ಲ. 11ನೇ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಬೇಸಾಯ, ಅಡುಗೆ, ಸುಗಂಧದ್ರವ್ಯಗಳ ವಿಷಯವಿದೆ. 16ನೇ ಶತಮಾನದ ಮಂಗರಸ ಅಡುಗೆಗೇ 'ಸೂಪಶಾಸ್ತ್ರ' ಬರೆದ. ಚಪ್ಪಲಿಗೆ ನಮ್ಮ ನೆನಪಿನಲ್ಲಿ ಸಿಕ್ಕ ದೊಡ್ಡ ಜಾಗ ಹರಳಯ್ಯನ ಕಥೆ. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಮಾಡಿದ್ದು ಎಲ್ಲರಿಗೂ ಗೊತ್ತು. ಆದರೆ ಆ ಚರ್ಮ ಹದ ಮಾಡಿದ್ದು ಹೇಗೆ, ಅಟ್ಟೆ ಕೊಯ್ದದ್ದು ಹೇಗೆ ಅಂತ ಯಾರೂ ಕೇಳುವುದಿಲ್ಲ. ಭಕ್ತಿ ನೆನಪಾಯಿತು, ಹದ ಮರೆತುಹೋಯಿತು. ಕಥೆಗೆ ಬೇಕಾದದ್ದು ಅವರ ಚರ್ಮವೇ ಹೊರತು ಅವರ ವಿದ್ಯೆಯಲ್ಲ.

ಆ ವಿದ್ಯೆಯನ್ನು ಬರೆದಿಡಲು ಹೊರಟವರು ಬ್ರಿಟಿಷ್ ಕಾಲದ ಅಧಿಕಾರಿಗಳು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯನ್ನೂ ನಡೆಸಿದ ಆಲ್ಫ್ರೆಡ್ ಚಾಟರ್ಟನ್, 1904ರಲ್ಲಿ ಮದ್ರಾಸ್ ಪ್ರಾಂತ್ಯದ ಚರ್ಮ ಹದ ಮಾಡುವ ಕೆಲಸದ ಬಗ್ಗೆ ಒಂದು ಮೊನೊಗ್ರಾಫ್ ಬರೆದ. ಇಂಥ ವರದಿಗಳನ್ನೂ ಅವುಗಳ ಜಾಡಿನಲ್ಲಿ ಬಂದ ಕೈಪಿಡಿಗಳನ್ನೂ ಓದಿದವರಿಗೆ ಒಂದು ವಾಕ್ಯರಚನೆ ಚೆನ್ನಾಗಿ ಪರಿಚಯ: ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಲಾಗುತ್ತದೆ, ಕೂದಲನ್ನು ಹೆರೆಯಲಾಗುತ್ತದೆ, ಜಾಲಿ ಚಕ್ಕೆ, ಅಳಲೆಕಾಯಿಗಳಿಂದ ಹದಗೊಳಿಸಲಾಗುತ್ತದೆ. ಈ 'ಲಾಗುತ್ತದೆ' ನಮ್ಮ ಆಡುಮಾತಿನದಲ್ಲ. ಹಟ್ಟಿಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ವಾಕ್ಯದಲ್ಲಿ ಕರ್ಮವಿದೆ, ಕ್ರಿಯೆಯಿದೆ, ಕರ್ತೃ ಮಾತ್ರ ಇಲ್ಲ. ಸುಣ್ಣದ ಗುಂಡಿಗೆ ಕೈಯಿಟ್ಟವರು ಯಾರು, ಆ ವಾಸನೆ ಹೊತ್ತು ಮನೆಗೆ ಹೋದವರು ಯಾರು, ಅದೇ ಕಾರಣ ಹೇಳಿ ಬಾವಿಯಿಂದ ದೂರ ಇಟ್ಟದ್ದು ಯಾರನ್ನು ಎಂಬುದು ಆ ವಾಕ್ಯಕ್ಕೆ ಗೊತ್ತೇ ಇಲ್ಲ. ಜಾತಿ ಬೈಗುಳದಲ್ಲಿ ಮಾತ್ರ ಇರುತ್ತದೆ ಎಂದುಕೊಳ್ಳಬಾರದು. ಅದು ಕರ್ಮಣಿ ಪ್ರಯೋಗದಲ್ಲೂ ತಣ್ಣಗೆ ಕೂತಿರುತ್ತದೆ. ಇವತ್ತಿನ ನುಣುಪು ಕಾಗದದ ಕರಕುಶಲ ಪುಸ್ತಕಗಳು ಇದನ್ನೇ ಚಿತ್ರದಲ್ಲಿ ಮಾಡುತ್ತವೆ. ಪುಟದ ತುಂಬ ಸುಕ್ಕುಗಟ್ಟಿದ ಕೈ ಇರುತ್ತದೆ, ಮುಖ ಇರುವುದಿಲ್ಲ.

ಡಿಜಿಟಲ್ ಬಂದಮೇಲೆ ಇದೆಲ್ಲ ಹೋಗುತ್ತದೆ, ಯಾರು ಬೇಕಾದರೂ ಪ್ರಕಾಶಕರಾಗಬಹುದು ಎಂಬ ಮಾತಿದೆ. ಅದು ಅರ್ಧ ನಿಜ. ಅಚ್ಚಿನ ಖರ್ಚು, ಗೋದಾಮಿನ ಬಾಡಿಗೆ ಉಳಿಯುತ್ತದೆ ನಿಜ. ಆದರೆ ಕಿಂಡಲ್ ಅಂಗಡಿ 2016ರಲ್ಲಿ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದವು, ಕನ್ನಡ ಹೊರಗೆ ನಿಂತಿತು. ಜಿಎಸ್‌ಟಿಯ 2018ರ ತಿದ್ದುಪಡಿಯನ್ನು ನೋಡಿ. ಅಚ್ಚಿನ ಪುಸ್ತಕಕ್ಕೆ ತೆರಿಗೆಯಿಲ್ಲ. ಅಚ್ಚಾದ ಪುಸ್ತಕದ ಇ-ರೂಪಕ್ಕೆ ತೆರಿಗೆಯನ್ನು ಶೇ. 5ಕ್ಕೆ ಇಳಿಸಿದರು. ಅಚ್ಚೇ ಆಗದೆ ನೇರವಾಗಿ ಡಿಜಿಟಲ್ ಆಗಿ ಹುಟ್ಟಿದ್ದು ಶೇ. 18ರಲ್ಲೇ ಉಳಿಯಿತು. ಅಂದರೆ ಮೊದಲೇ ಅಚ್ಚಿನ ಲೋಕದೊಳಗಿದ್ದವರಿಗೆ ರಿಯಾಯಿತಿ, ಈಗ ತಾನೇ ಬರುತ್ತಿರುವವರಿಗೆ ಪೂರಾ ಸುಂಕ. ಸಣ್ಣ ವಹಿವಾಟಿನವರನ್ನು ಈ ತೆರಿಗೆ ಮುಟ್ಟದಿರಬಹುದು. ಆದರೂ ಯಾವುದು ಪುಸ್ತಕ, ಯಾವುದು ಅಲ್ಲ ಎಂಬ ತೀರ್ಮಾನ ಅದರಲ್ಲಿದೆ.

ಕಾನೂನಿನ ಇನ್ನೊಂದು ಪುಟ ಇದಕ್ಕಿಂತ ಗಂಭೀರ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದವನು, ಚಲನಚಿತ್ರದ ಕರ್ತೃ ಅದರ ನಿರ್ಮಾಪಕ. ನಾನು ಮೊಬೈಲು ಹಿಡಿದು ಒಬ್ಬರು ಚಪ್ಪಲಿ ಹೊಲಿಯುವುದನ್ನು ಚಿತ್ರಿಸಿದರೆ ಆ ಚಿತ್ರಕ್ಕೆ ಕರ್ತೃ ನಾನು! 'ಪ್ರದರ್ಶಕರ' ಹಕ್ಕಿಗೆ ಅದೇ ಕಾಯ್ದೆ ಕೊಡುವ ಪಟ್ಟಿಯಲ್ಲಿ ನಟ, ಗಾಯಕ, ದೊಂಬರಾಟದವನು, ಹಾವಾಡಿಗ ಇದ್ದಾರೆ. ಉಪನ್ಯಾಸ ಕೊಡುವವನೂ ಇದ್ದಾನೆ. ಹಾಗಾಗಿ ಮೇಷ್ಟ್ರಾದ ನನಗೂ ಅಲ್ಲಿ ಜಾಗವಿದೆ. ಚಪ್ಪಲಿ ಹೊಲಿಯುವವನ ಹೆಸರಿಲ್ಲ. 'ಪ್ರದರ್ಶನ ನೀಡುವ ಇತರರು' ಎಂಬ ಮಾತು ಕೊನೆಗಿದೆ. ಅದರೊಳಗೆ ಸೇರಬೇಕಾದರೆ ಅವನು ತನ್ನ ದುಡಿಮೆಯನ್ನು ಪ್ರದರ್ಶನವೆಂದು ಒಪ್ಪಿಸಬೇಕು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರಲ್ಲಿ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಆದರೂ 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅಂಥದೇ ಚಪ್ಪಲಿಯನ್ನು ಮೂಲ ಹೇಳದೆ ಮೆರೆಸಿತು. ಗಲಾಟೆಯಾದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಗುರುತು ಸಿಕ್ಕಿದ್ದು ಊರಿಗೆ, ಕೈಗೆ ಅಲ್ಲ.

ಅಥಣಿ ತಾಲೂಕಿನ ಒಬ್ಬ ಹಿರಿಯರ ಮುಂದೆ ನಮ್ಮ ಯೋಜನೆ ಇಟ್ಟಾಗ ಅವರು ರಂಪಿಗೆ ಕೆಳಗಿಡದೆಯೇ ಕೇಳಿದರು: "ಬುಕ್ಕ ಓದಿ ಚಪ್ಲಿ ಹೊಲಿಯಾಕ ಬರ್ತದೇನ್ರಿ ಸರ? ಬಂದ್ರ ನಮ್ಮ ಗಿರಾಕಿ ಹೋದಂಗ. ನನ್ನ ಮಗ ಇದನ್ನ ಬಿಡ್ಲಿ ಅಂತನ ಸಾಲಿ ಕಲಿಸೀನಿ. ನಿಮ್ಮ ಬುಕ್ಕ ಯಾರ ಮಗಗ?" ಅವರ ಹೆಂಡತಿ ಪಟ್ಟಿಗೆ ಹೆಣಿಗೆ ಹಾಕುತ್ತಿದ್ದವರು ಇಷ್ಟೇ ಅಂದರು: "ಹೆಣಿಗಿ ಹಾಕೋರು ನಾವು. ಬರದ್ರ ಅದನ್ನೂ ಬರೀರಿ."

ನನ್ನ ಮಟ್ಟಿಗೆ ಇವು ದಲಿತ ವಿಮರ್ಶೆಯ ಮಾತುಗಳೇ. ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ಚರ್ಮದ ಪರ್ಸು ಹೊಲಿಯಲು ಕಲಿಯುವವನಿಗೆ ಅದು ಹವ್ಯಾಸ. ಅದೇ ದಾರ, ಅದೇ ಉಳಿ ಈ ಹಿರಿಯರ ಕೈಯಲ್ಲಿ ಜಾತಿ. ಸತ್ತ ದನ ಹೊರುವ ಕೆಲಸ ಬಿಡಿ ಎಂದು ಅಂಬೇಡ್ಕರ್ ಹೇಳಿದ್ದು ಇದಕ್ಕೇ. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದವರನ್ನು ಕಟ್ಟಿ ಹೊಡೆದ ಮೇಲೆ ಅಲ್ಲಿನ ದಲಿತರು ಆ ಕೆಲಸವನ್ನೇ ನಿಲ್ಲಿಸಿ ತೋರಿಸಿದರು. ಹೀಗಿರುವಾಗ 'ಅಳಿವಿನಂಚಿನ ಕಲೆ ಉಳಿಸೋಣ' ಎಂಬ ಘೋಷಣೆ ಹಿಡಿದು ಹೋಗುವುದು ಅಸಹ್ಯ. ಕಸುಬು ಉಳಿಯಲಿ, ಕಸುಬಿನವನು ಅಲ್ಲೇ ಇರಲಿ ಎಂದಂತಾಗುತ್ತದೆ. ಇತ್ತ ಅವಮಾನದ ಜೊತೆಗೆ ನೆನಪನ್ನೂ ತಿಪ್ಪೆಗೆ ಎಸೆದರೆ ಆಗುವ ನಷ್ಟದ ಕಡೆಗೆ ಡಿ.ಆರ್. ನಾಗರಾಜ್ ತಮ್ಮ 1993ರ 'ದ ಫ್ಲೇಮಿಂಗ್ ಫೀಟ್'ನಲ್ಲೇ ಗಮನ ಸೆಳೆದಿದ್ದರು. ಬಿಡುವ ಹಕ್ಕು, ನೆನೆಯುವ ಹಕ್ಕು ಎರಡೂ ಕಸುಬಿನವರದೇ ಆಗಬೇಕು.

ಹಾಗಾದರೆ ಈ ಪ್ರಕಾಶನ ಯಾಕೆ? ನಾವು ಬರೆಯದಿದ್ದರೂ ಯಾರಾದರೂ ಬರೆದೇ ಬರೆಯುತ್ತಾರೆ, ಮತ್ತೆ 'ಲಾಗುತ್ತದೆ'ಯಲ್ಲೇ ಬರೆಯುತ್ತಾರೆ. ಆದ್ದರಿಂದ ಕೆಲವು ಕರಾರುಗಳನ್ನು ಹಾಕಿಕೊಂಡಿದ್ದೇವೆ. ಗಂಡ ಹೆಂಡತಿ ಇಬ್ಬರ ಹೆಸರೂ ಮುಖಪುಟದ ಮೇಲೆ, ಕರ್ತೃಗಳಾಗಿ. ನಾವು ಲಿಪಿಕಾರರು ಮಾತ್ರ. ಕೃತಿಸ್ವಾಮ್ಯ ಅವರದು, ನಮಗೆ ಇಂತಿಷ್ಟು ವರ್ಷ ಪ್ರಕಟಿಸುವ ಅನುಮತಿ, ಅದೂ ಬರಹದಲ್ಲಿ. ಇಪಬ್ 3 ಮಾದರಿಯಲ್ಲಿ ಅಕ್ಷರದ ಜೊತೆ ದನಿಯನ್ನೂ ಸೇರಿಸಬಹುದಾದ್ದರಿಂದ ಅವರ ಮಾತು ಅವರ ನುಡಿಯಲ್ಲೇ ಇರುತ್ತದೆ, ತಿದ್ದುವುದಿಲ್ಲ. ಅಟ್ಟೆಯ ನಕಾಶೆ ಮೊಬೈಲಿನಲ್ಲಿ ಹಿಗ್ಗಿ ಕುಗ್ಗಿ ಅಳತೆ ಕೆಡುತ್ತದೆ. ಅದನ್ನು ಪಿಡಿಎಫ್‌ನಲ್ಲಿ, ಅಳೆದು ನೋಡಲು 5 ಸೆಂ.ಮೀ. ಚೌಕದೊಂದಿಗೆ ಬೇರೆಯಾಗಿ ಕೊಡಬೇಕು. ಯಾವ ಹಂತ ಹೇಳಬೇಕು, ಯಾವುದನ್ನು ಮನೆಯೊಳಗೇ ಇಟ್ಟುಕೊಳ್ಳಬೇಕು ಎಂಬುದು ಅವರ ತೀರ್ಮಾನ. ಬೇಡ ಅಂದರೆ ಪುಸ್ತಕವೇ ಇಲ್ಲ.

ಯಾರ ಮಗನಿಗೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ಆ ಮಗ ಚಪ್ಪಲಿ ಹೊಲಿಯಬೇಕಾಗಿಲ್ಲ. ಆದರೆ ಶಾಲೆಯಲ್ಲಿ ಕಲಿಸಿದ್ದು ಮಾತ್ರ ವಿದ್ಯೆ ಎಂದು ಯಾರಾದರೂ ಅವನಿಗೆ ಹೇಳಿದ ದಿನ ತೆಗೆದು ತೋರಿಸಲು ಅವನ ಬಳಿ ಒಂದು ಪುಸ್ತಕ ಇರಬೇಕು. ಅದರ ಮೊದಲ ವಾಕ್ಯ 'ನೆನೆಸಲಾಗುತ್ತದೆ' ಎಂದು ಇರಕೂಡದು. 'ನಾನು ನೆನೆಸ್ತೀನಿ' ಎಂದಿರಬೇಕು.