ಒಂದೇ ಬಂದೂಕು ಸಾಕು ಅನ್ನುವವರಿಗೆ

ಅಮೀನಗಡದ ಕುರಿ ಸಂತೆಯಲ್ಲಿ ಟಗರಿನ ಬಾಯಿ ಅಗಲಿಸಿ ಹಲ್ಲು ಎಣಿಸುವವರ ನಡುವೆ ನಿಂತಿದ್ದೆ. ಹಿಂದಿನಿಂದ ಒಬ್ಬ ಹಿರಿಯರು ಭುಜ ಮುಟ್ಟಿದರು. "ಸರ, ಪೇಪರಿನಾಗ ಬಂದೂಕಿನ ಬಗ್ಗೆ ಬರಿಯಾವ್ರು ನೀವ ಅಲ್ರಿ? ಒಂದ್ ಮಾತ ಕೇಳೂದಿತ್ತು." ಚಹಾದಂಗಡಿಯ ಬೆಂಚಿನ ಮೇಲೆ ಕುಳಿತೆವು. "ಗೋವಿನಜೋಳಕ್ಕ ಹಂದಿ ಬೀಳ್ತಾವ್ರಿ. ಕಡ್ಲಿಗೆ ಚಿಗರಿ. ಎರಡಕ್ಕೂ ಆಗೂವಂಥ ಒಂದ ಬಂದೂಕ ಹೇಳ್ರಿ. ನಮ್ಮ ಅಳಿಯ ಅಮೆರಿಕಾದಾಗ ಅದಾನ. ಅಂವ ರೈಫಲ್ ತಗೊಳ್ರಿ ಮಾವ, ದೂರ ಹೊಡಿತದ ಅಂತಾನ."

ಅಲ್ಲಿ ಕೊಟ್ಟ ಉತ್ತರ ಅರ್ಧಕ್ಕೇ ನಿಂತಿತು, ಅವರ ಟಗರಿಗೆ ಗಿರಾಕಿ ಬಂದಿದ್ದ. ಉಳಿದದ್ದನ್ನು ಈ ವಾರ ಇಲ್ಲಿ ಹೇಳುತ್ತೇನೆ. ಹುನಗುಂದ, ಬಾದಾಮಿ, ಇಳಕಲ್ ಕಡೆಯ ಬೇರೆ ರೈತರೂ ಇದೇ ಪ್ರಶ್ನೆ ಕೇಳಿದ್ದಾರೆ.

ಅಳಿಯನ ಮಾತಿನಿಂದಲೇ ಶುರು ಮಾಡೋಣ. ಅಮೆರಿಕದ ಹಳ್ಳಿಗಾಡಿನಲ್ಲಿ ಈ ಪ್ರಶ್ನೆ ಬಹಳ ಹಳೆಯದು. ಬೆಳೆ, ಹುಲ್ಲುಗಾವಲು ಹಾಳು ಮಾಡುವ ಸಣ್ಣ ಪ್ರಾಣಿಗಳಿಗೂ ಶರತ್ಕಾಲದ ಜಿಂಕೆ ಬೇಟೆಗೂ ಒಂದೇ ರೈಫಲ್ ಸಾಕಾಗಬೇಕು ಎನ್ನುವುದು ಅವರ ಆಸೆ. ಅದಕ್ಕೆ ಅವರು ಕೊಟ್ಟುಕೊಂಡ ಅತ್ಯುತ್ತಮ ಉತ್ತರಗಳಲ್ಲಿ ಒಂದು .243 ವಿಂಚೆಸ್ಟರ್. 1952ರಲ್ಲಿ ಬಂದ .308 ತೋಟಾದ ಕುತ್ತಿಗೆಯನ್ನು ಕಿರಿದುಗೊಳಿಸಿ 1955ರಲ್ಲಿ ಮಾರುಕಟ್ಟೆಗೆ ಬಿಟ್ಟ ತೋಟಾ ಅದು. ಸಣ್ಣ ಪ್ರಾಣಿಗೆ 55 ಗ್ರೇನಿನ, ಅಂದರೆ ಮೂರೂವರೆ ಗ್ರಾಂ ತೂಕದ ಗುಂಡು. ಜಿಂಕೆಗೆ 100 ಗ್ರೇನಿನದು, ಆರೂವರೆ ಗ್ರಾಂ. ಬಂದೂಕು ಅದೇ, ತೋಟಾ ಮಾತ್ರ ಬೇರೆ. ಭುಜಕ್ಕೆ ಒದೆತ ಕಡಿಮೆ, ಹಾಗಾಗಿ ಹೊಸಬರ ಗುರಿಯೂ ಕೆಡುವುದಿಲ್ಲ. ನಾನು ಮೆಚ್ಚುವ ತೋಟಾಗಳಲ್ಲಿ ಇದೂ ಒಂದು.

ಸಣ್ಣ ಗುಂಡೂ ಸಾಕು ಎನ್ನುವುದಕ್ಕೆ ಅದಕ್ಕೂ ಹಿಂದಿನ ಉದಾಹರಣೆ ನಮ್ಮ ದೇಶದ್ದೇ ಇದೆ. ಜಿಮ್ ಕಾರ್ಬೆಟ್ ಕೈಯಲ್ಲಿದ್ದ .275 ರಿಗ್ಬಿ ಎಂದರೆ 1892ರ 7 ಮಿಲಿಮೀಟರಿನ ಮೌಸರ್ ತೋಟಾಕ್ಕೆ ಇಂಗ್ಲಿಷರು ಇಟ್ಟುಕೊಂಡ ಹೆಸರು. ದೊಡ್ಡ ಬೇಟೆಗೆ ಬಹಳ ಸಣ್ಣದೆನಿಸುವ ಗುಂಡು. 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆ ಬಿದ್ದದ್ದು ಅದರಿಂದಲೇ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಅವರಿಗೆ ದಪ್ಪ ಗುಂಡಿನ .405 ವಿಂಚೆಸ್ಟರ್ ಇಷ್ಟವಾಗಿತ್ತು. ಯಾವ ಬೋರು, ಅಂದರೆ ನಳಿಗೆಯ ಯಾವ ಅಳತೆ, ಶ್ರೇಷ್ಠ ಎಂಬ ಚರ್ಚೆ ಮುಗಿಯುವಂಥದ್ದಲ್ಲ, ಮುಗಿಯಬೇಕಾಗಿಯೂ ಇಲ್ಲ.

ಆದರೆ ಅಮೆರಿಕದಲ್ಲಿ ಬೋರನ್ನು ಆರಿಸುವವನು ಬೇಟೆಗಾರ. ನಮ್ಮಲ್ಲಿ ಅದನ್ನು ಮೊದಲು ಆರಿಸುವುದು ಕಾಯ್ದೆ. ಈ ಮಾತು ಇವತ್ತಿನದಲ್ಲ.

ನಮ್ಮದೇ ಜಿಲ್ಲೆಯ ಮುಧೋಳ ತಾಲ್ಲೂಕಿನ ಹಲಗಲಿಯನ್ನು ನೆನೆಯಿರಿ. 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಿ ಎಂದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ಬೇಟೆ ಅವರ ಹೊಟ್ಟೆಪಾಡು, ಆಯುಧ ಅವರ ಮಾನ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ ಕೆಲವರನ್ನು, ಹಲಗಲಿಯಲ್ಲೇ ಕೆಲವರನ್ನು ನೇಣಿಗೆ ಹಾಕಿದರು. ಆ ಬೇಡರ ಲಾವಣಿಯನ್ನು ಶಾಸನತಜ್ಞ ಫ್ಲೀಟ್ ಸಂಗ್ರಹಿಸಿ ಅಚ್ಚು ಹಾಕಿಸಿದರು, ನಮ್ಮ ಮಕ್ಕಳು ಅದನ್ನು ಶಾಲೆಯಲ್ಲಿ ಓದುತ್ತಾರೆ. ಓದುವಾಗ ಒಂದು ಸಂಗತಿ ಗಮನದಲ್ಲಿರಲಿ. ನಮ್ಮ ಹಳ್ಳಿಗಳಲ್ಲಿ ಆಗ ಇದ್ದ ಬಂದೂಕುಗಳೆಂದರೆ ಬಾಯಿಯಿಂದ ಮದ್ದು ತುಂಬುವಂಥವು. ಈ ಬರಹದ ಕೊನೆಗೆ ನಾನು ಬರುವುದೂ ಅಂಥ ಬಂದೂಕಿನ ಹತ್ತಿರಕ್ಕೇ.

ಆಮೇಲೆ 1878ರ ಶಸ್ತ್ರ ಕಾಯ್ದೆ ಬಂತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ .450 ಬೋರಿಗೆ ತಡೆ ಬಿತ್ತು. ಸೇನೆಯ ಹಳೆಯ ರೈಫಲ್‌ಗಳಿಗೆ ಹೊಂದುವ ಗುಂಡು ದಂಗೆಕೋರರ ಕೈ ಸೇರೀತೆಂಬ ಭಯ. ಆ ತಡೆಯನ್ನು ದಾಟಲೆಂದೇ ಇಂಗ್ಲೆಂಡಿನ ಬಂದೂಕು ಕಂಪನಿಗಳು .465, .470 ಮುಂತಾದ ಹೊಸ ಬೋರುಗಳನ್ನು ಮಾಡಿದವು. ಆಫ್ರಿಕಾದ ಆನೆ ಬೇಟೆಯಲ್ಲಿ ಹೆಸರಾದ .470ರ ಹುಟ್ಟಿಗೆ ಹಿಂದೂಸ್ತಾನದ ಒಂದು ಸರ್ಕಾರಿ ಆಜ್ಞೆ ಕಾರಣ. ಸ್ವಾತಂತ್ರ್ಯದ ನಂತರವೂ ಧೋರಣೆ ಅದೇ. ಸೇನೆಯ .303 ಜನಸಾಮಾನ್ಯರಿಗೆ ನಿಷಿದ್ಧ. ಇಚ್ಛಾಪುರದ ಕಾರ್ಖಾನೆಯ .315 ರೈಫಲ್ ಸಿಗುತ್ತದೆ. ಸರ್ಕಾರಿ ಕಾರ್ಖಾನೆಯ .30-06 ಕೂಡ ಸಿಗುತ್ತದೆ. ಅಳಿಯನ .243 ಇಲ್ಲಿ ಹುಡುಕಿದರೂ ಅಪರೂಪ. ಸಿಕ್ಕರೂ ಅದರ ತೋಟಾ ಎಲ್ಲಿಂದ ತರುವುದು?

ಇನ್ನು ಚಿಗರಿ, ಅಂದರೆ ಕೃಷ್ಣಮೃಗ. ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಚಿಗರಿಗೆ ಬಂದೂಕು ಆರಿಸುವ ಪ್ರಶ್ನೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಚಿಗರಿ ಇದೆ, ಚಿಂಕಾರ ಇದೆ. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಕಾಯ್ದೆ ಇಲ್ಲದಿದ್ದರೂ ನನ್ನ ಮಾತು ಇದೇ ಇರುತ್ತಿತ್ತು. ನಸುಕಿನಲ್ಲಿ ಎರೆಹೊಲದ ಅಂಚಿನಲ್ಲಿ ಕರಿಯ ಹೋರಿ ಚಿಗರಿಯೊಂದು ತಿರುಚಿದ ಕೋಡು ಹಿಂದಕ್ಕೆ ಚಾಚಿ ಹೆಜ್ಜೆ ಹಾಕುವುದನ್ನು ನಿಂತು ನೋಡಿದವರಿಗೆ ನಾನು ಹೇಳುವುದು ತಿಳಿಯುತ್ತದೆ. ಇದೇ ಜಿಲ್ಲೆಯ ಯಡಹಳ್ಳಿಯಲ್ಲಿ 2016ರಲ್ಲಿ ಚಿಂಕಾರಕ್ಕೆಂದೇ ಅಭಯಾರಣ್ಯ ಘೋಷಣೆಯಾಯಿತು. 96 ಚದರ ಕಿಲೋಮೀಟರಿನಷ್ಟು ಕುರುಚಲು ಕಾಡು. ಬೇಟೆಗೆ ಹೆಸರಾದ ಸೀಮೆಯಲ್ಲಿ ಈ ಪ್ರಾಣಿ ಇನ್ನೂ ಉಳಿದಿರುವುದೇ ನಮ್ಮ ಭಾಗ್ಯ. ಕಡಲೆ ಹೋದ ರೈತನ ನೋವು ಸುಳ್ಳಲ್ಲ, ಅದಕ್ಕೆ ಅರಣ್ಯ ಇಲಾಖೆಯ ಪರಿಹಾರವನ್ನು ಬೆನ್ನು ಬಿಡದೆ ಕೇಳಬೇಕು.

ಉಳಿದದ್ದು ಹಂದಿ. ಮಲಪ್ರಭೆಯ ದಂಡೆಯ ಕಬ್ಬು, ಹಳ್ಳದ ಬದಿಯ ಬಳ್ಳಾರಿ ಜಾಲಿ, ಇವು ಅದರ ಮನೆ. ಹಗಲು ಅಲ್ಲಿ ಮಲಗಿ ರಾತ್ರಿ ಹೊಲಕ್ಕೆ ಇಳಿಯುತ್ತದೆ. ತಿಂದದ್ದಕ್ಕಿಂತ ಕೆಡವಿದ್ದು ಹೆಚ್ಚು. ಇದಕ್ಕೂ ಬಂದೂಕಿನ ಲೈಸೆನ್ಸ್ ಇದ್ದ ಮಾತ್ರಕ್ಕೆ ಗುಂಡು ಹೊಡೆಯುವಂತಿಲ್ಲ. ಅದೇ ಕಾಯ್ದೆಯ 11ನೇ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಆದೇಶ ಬೇಕು. ಕೇರಳ 2022ರಲ್ಲಿ ಈ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರವರೆಗೆ ಇಳಿಸಿತು. ಏನೇ ಆದರೂ ರೈತನ ಬಂದೂಕಿಗೆ ನೂರರಲ್ಲಿ ತೊಂಬತ್ತೊಂಬತ್ತು ರಾತ್ರಿ ಇರುವ ಕೆಲಸ ಒಂದೇ, ಸಪ್ಪಳ ಮಾಡುವುದು. ಹಂದಿಯನ್ನು ಬೆದರಿಸಿ ಓಡಿಸುವುದು.

ಇಷ್ಟು ಒಪ್ಪಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಇನ್ನರ್ಧವನ್ನು ನಮ್ಮ ನೆಲವೇ ಹೇಳುತ್ತದೆ. ಅಮೀನಗಡದಿಂದ ಹುನಗುಂದದ ಕಡೆಗೆ ಒಮ್ಮೆ ನೋಡಿ. ಅಂಗೈಯಂಥ ಎರೆಭೂಮಿ. ಐಹೊಳೆಯ ಕಡೆ ಒಂದಿಷ್ಟು ಗುಡ್ಡ ಬಿಟ್ಟರೆ ಗುಂಡಿಗೆ ಅಡ್ಡ ನಿಲ್ಲುವ ಒಂದು ದಿನ್ನೆ ಇಲ್ಲ. .30-06 ರೈಫಲಿನ ಗುಂಡು ಗುರಿ ತಪ್ಪಿ ಮೇಲಕ್ಕೆ ಹೋದರೆ ನಾಲ್ಕೈದು ಕಿಲೋಮೀಟರ್ ಆಚೆ ಹೋಗಿ ಬಿದ್ದೀತು. ಸಣ್ಣದೆಂದು ನಾವು ಹಗುರಾಗಿ ಕಾಣುವ .22 ಕೂಡ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಆ ಕತ್ತಲಲ್ಲಿ ಯಾರಿದ್ದಾರೆ? ಬೇರೆ ಕಡೆಯವರಿಗೆ ಹೊಲ ರಾತ್ರಿ ಖಾಲಿ. ನಮ್ಮಲ್ಲಿ ಹಾಗಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತೇವೆ. ಬಲೆ ಕಟ್ಟಿ ಕುರಿ ಕೂಡಿ, ಪಕ್ಕದಲ್ಲೇ ಕಂಬಳಿ ಹೊದ್ದು ಕುರುಬರ ಸಂಸಾರ ಮಲಗಿರುತ್ತದೆ, ಕೈಗೂಸುಗಳ ಸಮೇತ. ನಿನ್ನೆ ಒಂದು ಹೊಲದಲ್ಲಿ ಇದ್ದವರು ಇವತ್ತು ಇನ್ನೊಂದರಲ್ಲಿ. ದೀಪ ಇರುವುದಿಲ್ಲ. ನೀರು ಕಟ್ಟಲು ನಡುರಾತ್ರಿ ಹೊಲಕ್ಕೆ ಹೋದ ರೈತನೂ ಅಲ್ಲೇ ಎಲ್ಲೋ ಬಗ್ಗಿ ನಿಂತಿರುತ್ತಾನೆ, ನಮ್ಮ ತ್ರೀ ಫೇಸ್ ಕರೆಂಟು ಬರುವ ಹೊತ್ತೇ ಅದು. ಅಳಿಯ ಹೊಗಳಿದ 'ದೂರ ಹೊಡೆಯುವ' ಗುಣವೇ ನಮ್ಮ ನೆಲದಲ್ಲಿ ದೋಷ.

ಆದ್ದರಿಂದ ರೈಫಲ್ ಬೇಡ. ನಳಿಗೆಯೊಳಗೆ ಗೀರುಗಳಿಲ್ಲದ ನಯವಾದ ಬಂದೂಕೇ ನಮಗೆ ಸರಿ. ಅದರಲ್ಲಿ ಎಲ್ಲರಿಗೂ ಗೊತ್ತಿರುವುದು 12 ಬೋರ್. ಹನ್ನೆರಡು ಎಂಬ ಆ ಸಂಖ್ಯೆಗೆ ಅರ್ಥ ಇದೆ. ನಳಿಗೆಯ ಅಳತೆಯ ಸೀಸದ ಗುಂಡುಗಳು ಹನ್ನೆರಡಾದರೆ ಒಂದು ಪೌಂಡ್ ತೂಗುತ್ತವೆ. ಅಳತೆ 18.5 ಮಿಲಿಮೀಟರ್. ತೋಟಾ ನಮ್ಮ ಪಕ್ಕದ ರಾಜ್ಯದ ಖಡಕಿಯ ಕಾರ್ಖಾನೆಯದು. ಚಿಲ್ಲಿನ, ಅಂದರೆ ತೋಟಾದೊಳಗಿನ ಸಣ್ಣ ಸೀಸದ ಗುಂಡುಗಳ, ಗಾತ್ರಕ್ಕೆ ತಕ್ಕಂತೆ 6ನೇ ನಂಬರ್, 4ನೇ ನಂಬರ್, ಬಿಬಿ, ಎಸ್‌ಜಿ, ಎಲ್‌ಜಿ. ಒಂದು ಔನ್ಸಿಗೆ 6ನೇ ನಂಬರ್ ಚಿಲ್ಲು 270 ಹಿಡಿದರೆ ಎಸ್‌ಜಿ ಎಂಟೇ, ಎಲ್‌ಜಿ ಆರೇ. ಕೆಲಸಕ್ಕೆ ಬರುವ ದೂರ ಮೂವತ್ತೈದು, ನಲವತ್ತು ಗಜ. ಅದರಾಚೆ ಚಿಲ್ಲು ಎಲ್ಲಿಯವರೆಗೆ ಹೋದೀತು ಎಂಬುದಕ್ಕೆ ಒಂದು ಹಳೆಯ ಲೆಕ್ಕ ಇದೆ. ಚಿಲ್ಲಿನ ಅಡ್ಡಳತೆಯನ್ನು ಇಂಚಿನಲ್ಲಿ ತೆಗೆದುಕೊಂಡು 2,200ರಿಂದ ಗುಣಿಸಿ, ಬಂದದ್ದು ಗಜ. 6ನೇ ನಂಬರಿಗೆ 225 ಗಜದ ಆಸುಪಾಸು. ಎಲ್‌ಜಿಗೆ ಎಂಟುನೂರರ ಹತ್ತಿರ. ಅದೇ ನಳಿಗೆಗೆ ಒಂಟಿ ಗುಂಡು ಹಾಕಿದರೆ 1,600 ಗಜ, ಹತ್ತಿರಹತ್ತಿರ ಒಂದು ಮೈಲು. ಈ ಕಾರಣಕ್ಕೇ 12 ಬೋರಿನಲ್ಲಿ ಒಂಟಿ ಗುಂಡು ಹಾಕುವವರನ್ನು ನಾನು ತಡೆಯುತ್ತ ಬಂದಿದ್ದೇನೆ.

ಆದರೂ ನನ್ನ ಮೊದಲ ಆಯ್ಕೆ 12 ಬೋರ್ ಅಲ್ಲ. ಬಾಯಿಯಿಂದ ಮದ್ದು ತುಂಬುವ ಕೇಪಿನ ಬಂದೂಕು.

ಹಳೆಯದೆಂದು ಹೀಗಳೆಯಬೇಡಿ. .243ರ ಹಿರಿಮೆ ಏನು? ಗುಂಡಿನ ತೂಕ ಬದಲಿಸಿ ಎರಡು ಕೆಲಸಕ್ಕೆ ಬಳಸಬಹುದು, ಅಷ್ಟೇ. ಬಾಯಿಯಿಂದ ತುಂಬುವ ಬಂದೂಕಿನಲ್ಲಿ ಪ್ರತಿ ಈಡನ್ನೂ ನೀವೇ ಕಟ್ಟುತ್ತೀರಿ. ಎಷ್ಟು ಮದ್ದು, ಎಂಥ ಚಿಲ್ಲು, ಎಲ್ಲ ನಿಮ್ಮ ಕೈಯಲ್ಲಿ. ಮುಖ್ಯವಾಗಿ, ಚಿಲ್ಲೇ ಹಾಕದೆ ಬರೀ ಮದ್ದು, ಮೇಲೊಂದು ಅರಿವೆ ಚೂರು ಗಿಡಿದು ಹಾರಿಸಬಹುದು. ಕರಿಮದ್ದಿನ ಸಪ್ಪಳ ತೋಟಾದ ಸಪ್ಪಳದಂತಲ್ಲ. ಅದು ದಪ್ಪ, ನೆಲದ ಮೇಲೆ ಉರುಳಿಕೊಂಡು ಹೋಗುತ್ತದೆ. ಜೊತೆಗೆ ಬೆಂಕಿಯ ನಾಲಗೆ, ಗಂಧಕದ ವಾಸನೆಯ ಹೊಗೆ. ಹಂದಿಯ ಮೂಗಿಗೆ ಆ ವಾಸನೆ ಬಹಳ ಹೊತ್ತು ಉಳಿಯುತ್ತದೆ. ಹಾಗೆ ಹಾರಿಸಿದ ಈಡು ಯಾವ ಕುರುಬನ ಕಂಬಳಿಯನ್ನೂ ಮುಟ್ಟುವುದಿಲ್ಲ.

ಕಾಯ್ದೆಯೂ ಇದರ ಪರವಾಗಿದೆ. 1959ರ ಶಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಹೆಸರು ಹಿಡಿದೇ ಹೇಳುತ್ತದೆ. ರಕ್ಷಣೆಗೆ ಅಥವಾ ಕ್ರೀಡೆಗೆ ಎಂದಾದರೆ ಕನಿಷ್ಠ 20 ಇಂಚು ನಳಿಗೆಯ ನಯವಾದ ಬಂದೂಕು ಎನ್ನುತ್ತದೆ. ರೈಫಲ್ ಕೇಳಿದಿರೋ, ಕಾರಣ ಹೇಳುವ ಹೊಣೆ ನಿಮ್ಮ ತಲೆಯ ಮೇಲೆ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಮೂರು ವರ್ಷದ ಬದಲು ಐದು ವರ್ಷ. ಒಬ್ಬರ ಬಳಿ ಇರಬಹುದಾದದ್ದು ಮೂರರ ಬದಲು ಎರಡು ಬಂದೂಕು. ಕೊಡಗಿನ ಕೊಡವರಿಗೆ 2029ರವರೆಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆಯಲ್ಲ ಎನ್ನಬೇಡಿ, ಅವರ ಚರಿತ್ರೆ ಬೇರೆ. ನಮ್ಮದು ಹಲಗಲಿಯ ಚರಿತ್ರೆ.

ಕೇಪಿನ ಬಂದೂಕಿನ ಕಷ್ಟಗಳನ್ನೂ ಹೇಳಬೇಕು. ಮಳೆಗಾಲದಲ್ಲಿ ಕೇಪು ಥಂಡಿ ಹಿಡಿದು ಟಿಸ್ ಎಂದು ಸುಮ್ಮನಾಗುತ್ತದೆ. ಹಾಗಾದಾಗ ನಳಿಗೆಯ ಬಾಯಿಗೆ ಮುಖ ಒಡ್ಡಬೇಡಿ, ಬೆಂಕಿ ತಡವಾಗಿಯೂ ಹತ್ತೀತು. ಕರಿಮದ್ದಿನ ಮಸಿ ನಳಿಗೆಯನ್ನು ಎರಡೇ ದಿನದಲ್ಲಿ ತಿನ್ನುತ್ತದೆ, ಹಾರಿಸಿದ ದಿನವೇ ಬಿಸಿನೀರು ಹಾಕಿ ತೊಳೆದು, ಒರೆಸಿ, ಎಣ್ಣೆ ಹಚ್ಚಬೇಕು. ಮದ್ದಿನ ಅಳತೆಗೆ ಒಂದೇ ಮಾಪು ಇರಲಿ, ಕೈಯಂದಾಜು ಬೇಡ. ಗಾಯಗೊಂಡ ಹಂದಿಯ ಮುಂದೆ ಇದನ್ನು ಹಿಡಿದು ನಿಂತರೆ ಎರಡನೇ ಈಡು ತುಂಬುವಷ್ಟರಲ್ಲಿ ಅದು ನಿಮ್ಮ ತೊಡೆಯ ಮೇಲಿರುತ್ತದೆ. ಲಿಖಿತ ಆದೇಶ ಪಡೆದು ನಿಜವಾಗಿ ಹಂದಿ ಹೊಡೆಯಬೇಕಾದವರು, ಕೈ ಪಳಗಿದವರು, ಅಂಥವರಿಗೆ ಜೋಡುನಳಿಗೆಯ 12 ಬೋರ್. ಊರಿಗೆ ಅಂಥವರು ಒಬ್ಬರಿದ್ದರೆ ಸಾಕು.

ಇನ್ನು ಹಕ್ಕಿಗಳ ಕಾಟ. ಬಿಳಿಜೋಳದ ತೆನೆಗೆ ಗಿಳಿ, ಗುಬ್ಬಿ ಬಿದ್ದರೆ ಬಂದೂಕು ಎತ್ತುವ ಊರು ನಮ್ಮದಲ್ಲ. ಅಟ್ಟದ ಮೇಲೆ ನಿಂತು ಕವಣಿ ಬೀಸುವ ಹುಡುಗರು ಈಗ ಕಡಿಮೆಯಾಗಿದ್ದಾರೆ. ಕವಣಿ ಹೆಣೆಯಲು ಬರುವ ಅಜ್ಜಂದಿರು ಇನ್ನೂ ಇದ್ದಾರೆ, ಅವರಿಂದ ಒಂದನ್ನು ಮಾಡಿಸಿಕೊಳ್ಳಿ.

ಸಂತೆಯ ಹಿರಿಯರಿಗೆ ಒಂದು ಮಾತು. ಅರ್ಜಿ ಬರೆಯುವ ಮೊದಲು ಒಂದು ರಾತ್ರಿ ನಿಮ್ಮ ಹೊಲದ ನಾಲ್ಕೂ ದಿಕ್ಕಿಗೆ ಒಂದೊಂದು ಕಿಲೋಮೀಟರ್ ನಡೆದು ಬನ್ನಿ. ಎಷ್ಟು ಮನೆ, ಎಷ್ಟು ಪಂಪಿನ ಗುಡಿಸಲು, ಎಷ್ಟು ಕುರಿಹಟ್ಟಿ ಸಿಕ್ಕವು ಎಣಿಸಿ. ಆಮೇಲೆ ಅಳಿಯನಿಗೆ ಫೋನ್ ಮಾಡಿ ಆ ಲೆಕ್ಕ ಹೇಳಿರಿ.